ಬ್ರೇಕು ಕೆಡುವ ಮುನ್ನ ಟ್ರ್ಯಾಕ್ಟರು ತೋರುವ ಗುರುತುಗಳು



ಎತ್ತು ಕಾಯಿಲೆ ಬೀಳುವ ಮುನ್ನವೇ ಅದರ ಗುರುತು ನಿಮಗೆ ಸಿಕ್ಕಿಬಿಡುತ್ತದೆ. ಬೆಳಗ್ಗೆ ಕೊಟ್ಟಿಗೆಗೆ ಹೋದಾಗ ರಾತ್ರಿ ಹಾಕಿದ ಮೇವು ಹಾಗೆಯೇ ಉಳಿದಿದ್ದರೆ, ಮೂಗಿನ ತುದಿ ಒಣಗಿದ್ದರೆ, ಮೆಲುಕು ಹಾಕದೆ ನಿಂತಿದ್ದರೆ, ಆ ದಿನ ಅದರ ಹೆಗಲಿಗೆ ನೊಗ ಇಡುವುದಿಲ್ಲ. ಇದನ್ನು ನಿಮಗೆ ಯಾರೂ ಶಾಲೆಯಲ್ಲಿ ಹೇಳಿಕೊಟ್ಟದ್ದಲ್ಲ. ದಿನವೂ ನೋಡಿ ನೋಡಿ ಕಣ್ಣಿಗೆ ಬಂದ ವಿದ್ಯೆ. ಈಗ ಅನೇಕರ ಮನೆಯಲ್ಲಿ ಎತ್ತಿನ ಜಾಗದಲ್ಲಿ ಟ್ರ್ಯಾಕ್ಟರು ನಿಂತಿದೆ. ಅದರ ಬ್ರೇಕು ಕೂಡ ಸಾಮಾನ್ಯವಾಗಿ ಒಂದೇ ದಿನದಲ್ಲಿ ಕೈಕೊಡುವುದಿಲ್ಲ. ವಾರಗಟ್ಟಲೆ ಮುಂಚಿನಿಂದಲೇ ಏನಾದರೊಂದು ಗುರುತು ತೋರಿಸುತ್ತಿರುತ್ತದೆ. ಆ ಗುರುತುಗಳು ಯಾವುವು, ಕಂಡಾಗ ಏನು ಮಾಡಬೇಕು ಎಂಬುದನ್ನು ಈ ಪಾಠದಲ್ಲಿ ವಿವರಿಸಿದೆ.

ಇದನ್ನು ಬರೆಯಬೇಕೆಂದು ನನಗನ್ನಿಸಿದ್ದು ಕಳೆದ ಮುಂಗಾರಿನಲ್ಲಿ ನಮ್ಮ ವೃತ್ತದ ಒಂದು ಹಳ್ಳಿಯಲ್ಲಿ ನಡೆದ ಸಂಗತಿಯಿಂದ. ಒಬ್ಬ ರೈತರು ಗದ್ದೆಯಲ್ಲಿ ಕೆಸರು ಉಳುಮೆ ಮುಗಿಸಿ ಸಂಜೆ ಕಾಲುವೆ ಏರಿಯ ಮೇಲೆ ಮನೆಗೆ ಹೊರಟಿದ್ದರು. ಹತ್ತು ವರ್ಷದ ಮಗ ಮಡ್‌ಗಾರ್ಡಿನ ಮೇಲೆ ಕುಳಿತಿದ್ದ. ದಾರಿಗೆ ಅಡ್ಡಲಾಗಿ ಒಂದು ಕರು ಓಡಿಬಂತು. ಅವರು ಬ್ರೇಕು ಒತ್ತಿದರು. ಟ್ರ್ಯಾಕ್ಟರು ನೆಟ್ಟಗೆ ನಿಲ್ಲಲಿಲ್ಲ; ಬಲಕ್ಕೆ ಗಿರಕ್ಕನೆ ತಿರುಗಿ ಏರಿಯಿಂದ ಕೆಳಗಿಳಿದು ಒಂದು ಹೊಂಗೆಮರಕ್ಕೆ ತಾಗಿ ನಿಂತಿತು. ಹುಡುಗ ಗದ್ದೆಯ ಕೆಸರಿಗೆ ಬಿದ್ದು ಕೈ ಮುರಿದುಕೊಂಡ. ಕೆಸರಿನ ಬದಲು ಕಲ್ಲಿನ ಮೇಲೆ ಬಿದ್ದಿದ್ದರೆ, ಅಥವಾ ಹಿಂದಿನ ಗಾಲಿಯ ಕೆಳಗೆ ಸಿಕ್ಕಿದ್ದರೆ, ಏನಾಗುತ್ತಿತ್ತೆಂದು ಬರೆಯಬೇಕಾಗಿಲ್ಲ.

ಮಾರನೆಯ ದಿನ ನಾನು ಹೋಗಿ ನೋಡಿದೆ. ಎಡ ಬಲ ಪೆಡಲುಗಳನ್ನು ಕೂಡಿಸುವ ಕೊಂಡಿಯೇ ಇರಲಿಲ್ಲ. ಅದು ಎಂದೋ ಮುರಿದು ಬಿದ್ದಿತ್ತು, ಆ ಜಾಗದಲ್ಲಿ ಒಂದು ತಂತಿ ಸುತ್ತಿದ್ದರು. ಉಳುಮೆಗೆಂದು ತಂತಿಯನ್ನೂ ಬಿಚ್ಚಿದ್ದರು. ಎಡಗಡೆಯ ಪೆಡಲನ್ನು ಕೈಯಲ್ಲಿ ಅದುಮಿದರೆ ಹೆಚ್ಚುಕಡಿಮೆ ತಳಕ್ಕೇ ಹೋಗುತ್ತಿತ್ತು. ಇದು ಯಾವಾಗಿನಿಂದ ಹೀಗಿದೆ ಎಂದು ಕೇಳಿದೆ.

“ಒಂದು ಹದಿನೈದು ದಿನ ಆಯ್ತು ಸ್ವಾಮಿ. ಎಡಗಡೇದು ಸ್ವಲ್ಪ ಆಳಕ್ಕೆ ಹೋಗ್ತಿತ್ತು. ಬಲಗಡೇದು ಚೆನ್ನಾಗೇ ಹಿಡೀತಿತ್ತಲ್ಲ ಅಂತ ಸುಮ್ನಾದೆ” ಎಂದರು.

ಗುರುತು ಅವರ ಕಾಲಿಗೆ ಸಿಕ್ಕಿತ್ತು. ಅದು ಏನು ಹೇಳುತ್ತಿದೆಯೆಂಬುದು ಮಾತ್ರ ಗೊತ್ತಿರಲಿಲ್ಲ. ಒಂದು ಕಡೆಯದು ಚೆನ್ನಾಗಿದ್ದು ಇನ್ನೊಂದು ಕಡೆಯದು ಸೋತಿರುವುದು ಎರಡೂ ಸ್ವಲ್ಪ ಸ್ವಲ್ಪ ಸೋತಿರುವುದಕ್ಕಿಂತ ಅಪಾಯ.

ಎರಡು ಪೆಡಲುಗಳು ಏಕೆ?

ಕಾರಿಗೆ, ಬಸ್ಸಿಗೆ ಒಂದೇ ಬ್ರೇಕ್ ಪೆಡಲು. ಅದನ್ನು ಒತ್ತಿದರೆ ನಾಲ್ಕು ಗಾಲಿಗಳೂ ಹಿಡಿಯುತ್ತವೆ. ನಮ್ಮ ಹಳ್ಳಿಗಳಲ್ಲಿರುವ ಸಾಮಾನ್ಯ ಟ್ರ್ಯಾಕ್ಟರುಗಳಲ್ಲಿ ಬ್ರೇಕು ಇರುವುದು ಹಿಂದಿನ ಎರಡು ದೊಡ್ಡ ಗಾಲಿಗಳಿಗೆ ಮಾತ್ರ. ಎಡಗಾಲಿಗೆ ಒಂದು, ಬಲಗಾಲಿಗೆ ಒಂದು ಪೆಡಲು. ಹೊಲದ ಕೊನೆಯಲ್ಲಿ ತಿರುಗುವಾಗ ಒಂದೇ ಪೆಡಲನ್ನು ಒತ್ತಿದರೆ ಆ ಕಡೆಯ ಗಾಲಿ ನಿಂತು ಟ್ರ್ಯಾಕ್ಟರು ಬುಗುರಿಯಂತೆ ಅಲ್ಲಿಯೇ ತಿರುಗುತ್ತದೆ. ಚಿಕ್ಕ ಗದ್ದೆಗಳಲ್ಲಿ ಇದು ಬಹಳ ಅನುಕೂಲ.

ಆದರೆ ಹೊಲದಲ್ಲಿ ಅನುಕೂಲವಾದದ್ದೇ ರಸ್ತೆಯಲ್ಲಿ ಆಪತ್ತು. ವೇಗದಲ್ಲಿರುವಾಗ ಒಂದೇ ಗಾಲಿಗೆ ಬ್ರೇಕು ಬಿದ್ದರೆ ಟ್ರ್ಯಾಕ್ಟರು ಆ ಕಡೆಗೆ ತಿರುಗುತ್ತದೆ, ಮಗುಚಲೂಬಹುದು. ಆದುದರಿಂದ ಹೊಲದ ಬದು ದಾಟಿ ದಾರಿಗೆ ಬರುವ ಮುನ್ನ ಎರಡೂ ಪೆಡಲುಗಳನ್ನು ಕೊಂಡಿಯಿಂದ ಕೂಡಿಸಬೇಕು. ದಾರಿಯೆಂದರೆ ಡಾಂಬರು ರಸ್ತೆಯೇ ಆಗಬೇಕಿಲ್ಲ, ಕಾಲುವೆ ಏರಿಯೂ ದಾರಿಯೇ. ಕೊಂಡಿ ಅಂಗೈಯಷ್ಟೂ ಇಲ್ಲದ ಕಬ್ಬಿಣದ ತುಂಡು. ಅದು ಸವೆದು ಸಡಿಲವಾಗಿದ್ದರೆ, ಪೆಡಲು ಒತ್ತಿದಾಗ ಎಗರಿ ಬಿಚ್ಚಿಕೊಳ್ಳುತ್ತಿದ್ದರೆ, ಹೊಸದನ್ನು ಹಾಕಿಸಿರಿ. ತಂತಿ, ಹಗ್ಗ, ಹಳೆಯ ಟ್ಯೂಬಿನ ಪಟ್ಟಿ ಇವು ಯಾವುವೂ ಆ ಕೆಲಸಕ್ಕೆ ಬರುವುದಿಲ್ಲ.

ಇನ್ನೊಂದು ವಿಷಯ. ಕೊಂಡಿ ಹಾಕಿದ ಮಾತ್ರಕ್ಕೆ ಎಲ್ಲವೂ ಸರಿಯಾಯಿತೆಂದು ತಿಳಿಯಬಾರದು. ಕೊಂಡಿಯು ಎರಡು ಪೆಡಲುಗಳನ್ನು ಒಟ್ಟಿಗೆ ಕೆಳಗೆ ತಳ್ಳುತ್ತದೆಯೇ ಹೊರತು ಎರಡೂ ಗಾಲಿಗಳು ಸಮನಾಗಿ ಹಿಡಿಯುತ್ತವೆಂಬ ಭರವಸೆ ಕೊಡುವುದಿಲ್ಲ. ಎಡಗಡೆಯದು ಸವೆದಿದ್ದರೆ ಕೊಂಡಿ ಇದ್ದರೂ ಟ್ರ್ಯಾಕ್ಟರು ಬಲಕ್ಕೇ ಎಳೆಯುತ್ತದೆ.

ಕಾಲಿಗೆ ಸಿಗುವ ಗುರುತು

ಪೆಡಲನ್ನು ಒತ್ತಿದ ಕೂಡಲೇ ಬ್ರೇಕು ಹಿಡಿಯುವುದಿಲ್ಲ. ಮೊದಲು ಸ್ವಲ್ಪ ದೂರ ಅದು ಹಗುರವಾಗಿ, ಬರಿದೇ ಇಳಿಯುತ್ತದೆ. ಮೆಕ್ಯಾನಿಕ್ಕುಗಳು ಇದಕ್ಕೆ ‘ಪ್ಲೇ’ ಎನ್ನುತ್ತಾರೆ. ಇದು ಎಷ್ಟಿರಬೇಕೆಂಬುದು ಒಂದೊಂದು ಕಂಪನಿಯ ಟ್ರ್ಯಾಕ್ಟರಿಗೆ ಒಂದೊಂದು ರೀತಿ. ಗಾಡಿಯ ಜೊತೆ ಕೊಟ್ಟ ಕೈಪಿಡಿಯಲ್ಲಿ ಅದನ್ನು ಮಿಲಿಮೀಟರಿನಲ್ಲಿ ಬರೆದಿರುತ್ತಾರೆ. ಕೈಪಿಡಿಯನ್ನು ಪೆಟ್ಟಿಗೆಯಲ್ಲಿಟ್ಟು ಮರೆತವರು ಹೊರಗೆ ತೆಗೆಯಿರಿ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗನಿಂದಲೋ ಮಗಳಿಂದಲೋ ಓದಿಸಿರಿ.

ಲೈನಿಂಗು ಸವೆದಂತೆಲ್ಲ ಈ ಬರಿದಾದ ಇಳಿತ ಹೆಚ್ಚುತ್ತಾ ಹೋಗುತ್ತದೆ. ನಿನ್ನೆಗೂ ಇವತ್ತಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಏಕೆಂದರೆ ಕಾಲು ಅದಕ್ಕೆ ಹೊಂದಿಕೊಂಡುಬಿಡುತ್ತದೆ. ಹೀಗಾಗಿ ಕಾಲನ್ನಷ್ಟೇ ನಂಬದೆ ತಿಂಗಳಿಗೊಮ್ಮೆ ಅಳೆಯಬೇಕು. ಒಂದು ಅಡಿಪಟ್ಟಿಯನ್ನು ಪೆಡಲಿನ ಪಕ್ಕದಲ್ಲಿ ಹಿಡಿದು, ಕೈಯಿಂದ ಮೆಲ್ಲನೆ ಅದುಮಿ, ಬಿಗಿಯಾಗುವವರೆಗೆ ಎಷ್ಟು ಇಳಿಯಿತೆಂದು ನೋಡಿರಿ. ಎಡಗಡೆಯದನ್ನೂ ಬಲಗಡೆಯದನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಎರಡೂ ಕೈಪಿಡಿಯ ಲೆಕ್ಕಕ್ಕೆ ಸರಿಯಾಗಿದ್ದು ಒಂದಕ್ಕೊಂದು ಸಮನಾಗಿರಬೇಕು. ಗೋಡೆಯ ಮೇಲೆ ಇದ್ದಲಿನಿಂದ ಬರೆದಿಟ್ಟರೂ ಸಾಕು. ಮುಂದಿನ ತಿಂಗಳು ಹೋಲಿಸಲು ಬರುತ್ತದೆ.

ಕೆಲವರು ಇದಕ್ಕೆ ವಿರುದ್ಧವಾದ ತಪ್ಪು ಮಾಡುತ್ತಾರೆ. ಬ್ರೇಕು ಮುಟ್ಟಿದರೆ ಹಿಡಿಯಬೇಕೆಂದು ಪ್ಲೇ ಏನೂ ಇಲ್ಲದಂತೆ ಬಿಗಿ ಮಾಡಿಸುತ್ತಾರೆ. ಆಗ ಕಾಲು ತೆಗೆದ ಮೇಲೂ ಲೈನಿಂಗು ಉಜ್ಜುತ್ತಲೇ ಇರುತ್ತದೆ. ಡೀಸೆಲ್ ಹೆಚ್ಚು ಸುಡುತ್ತದೆ, ಲೈನಿಂಗು ಬೇಗ ಸವೆಯುತ್ತದೆ, ಕಾದು ಕಾದು ಹಿಡಿತವೇ ಹೋಗುತ್ತದೆ. ಓಡಿಸುವಾಗ ಪೆಡಲಿನ ಮೇಲೆ ಸದಾ ಕಾಲು ಇಟ್ಟುಕೊಂಡು ಕೂರುವ ಅಭ್ಯಾಸವೂ ಇದೇ ಕೆಲಸ ಮಾಡುತ್ತದೆ. ಕಾಲಿನ ಭಾರವೊಂದೇ ಸಾಕು.

ನೆಟ್ಟಗೆ ನಿಲ್ಲುತ್ತದೆಯೇ?

ಇದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ಕಣದಂತಹ ಸಮನಾದ, ಜನ ಜಾನುವಾರು ಇಲ್ಲದ ಮಣ್ಣಿನ ಬಯಲಿಗೆ ಟ್ರ್ಯಾಕ್ಟರನ್ನು ಒಯ್ಯಿರಿ. ಟ್ರೈಲರನ್ನು ಬಿಚ್ಚಿರಿ. ಎರಡೂ ಹಿಂದಿನ ಟೈರುಗಳಲ್ಲಿ ಗಾಳಿ ಸಮನಾಗಿದೆಯೇ ಎಂದು ಮೊದಲು ನೋಡಿರಿ. ಗಾಳಿ ಹೆಚ್ಚು ಕಡಿಮೆಯಾಗಿದ್ದರೂ ಗಾಡಿ ಒಂದು ಕಡೆಗೆ ಎಳೆಯುತ್ತದೆ, ಸುಮ್ಮನೆ ಬ್ರೇಕಿನ ಮೇಲೆ ತಪ್ಪು ಹೊರಿಸಿದಂತಾದೀತು. ಕೊಂಡಿ ಹಾಕಿ, ಓಡುವ ಮನುಷ್ಯನಷ್ಟು ವೇಗದಲ್ಲಿ ನೆಟ್ಟಗೆ ಹೋಗಿ, ಕ್ಲಚ್ಚು ಒತ್ತಿ, ಬ್ರೇಕನ್ನು ಗಟ್ಟಿಯಾಗಿ ಅದುಮಿರಿ. ಆಮೇಲೆ ಕೆಳಗಿಳಿದು ಮಣ್ಣಿನ ಮೇಲೆ ಬಿದ್ದ ಗುರುತುಗಳನ್ನು ನೋಡಿರಿ. ಎರಡು ಟೈರುಗಳೂ ಒಂದೇ ಉದ್ದಕ್ಕೆ ಉಜ್ಜಿದ್ದರೆ ಸರಿ. ಒಂದು ಕಡೆ ಉದ್ದನೆಯ ಗೀರು, ಇನ್ನೊಂದು ಕಡೆ ಟೈರಿನ ಹಲ್ಲುಗಳು ಬಿಡಿಬಿಡಿಯಾಗಿ ಮೂಡಿದ್ದರೆ, ಹಲ್ಲು ಮೂಡಿದ ಕಡೆಯ ಗಾಲಿ ಹಿಡಿಯದೆ ಉರುಳಿದೆ ಎಂದು ಅರ್ಥ. ಟ್ರ್ಯಾಕ್ಟರು ಬಲಕ್ಕೆ ಎಳೆದರೆ ಸಾಮಾನ್ಯವಾಗಿ ಸೋತಿರುವುದು ಎಡಗಡೆಯದು. ಬಲಗಡೆಯದನ್ನು ಸಡಿಲ ಮಾಡಿ ಸಮ ಮಾಡಲು ಹೋಗಬೇಡಿರಿ. ಹಾಗೆ ಮಾಡಿದವರನ್ನೂ ಕಂಡಿದ್ದೇನೆ!

ಸದ್ದು, ವಾಸನೆ, ಶಾಖ

ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಕರಕರ ಸದ್ದು ಬಂದರೆ ಲೈನಿಂಗು ಪೂರಾ ಸವೆದುಹೋಗಿ ಅದರ ಕೆಳಗಿನ ಲೋಹ ತಾಗುತ್ತಿದೆ ಎಂದು ತಿಳಿಯಬೇಕು. ಆ ಕ್ಷಣದಿಂದ ಗಾಡಿಯನ್ನು ಕೆಲಸಕ್ಕೆ ಹಚ್ಚಬಾರದು. ಕೀರಲು ಸದ್ದು ಅಷ್ಟು ಕೆಟ್ಟದ್ದಲ್ಲ. ಧೂಳು ಸೇರಿದ್ದರೂ ಬರುತ್ತದೆ. ಆದರೆ ಎರಡು ಮೂರು ದಿನವಾದರೂ ಹೋಗದಿದ್ದರೆ ಬಿಚ್ಚಿಸಿ ನೋಡಿಸಿರಿ.

ಸುಟ್ಟ ರಬ್ಬರು ಅಥವಾ ಸುಟ್ಟ ಬಟ್ಟೆಯಂತಹ ವಾಸನೆ ಬಂದರೆ ಬ್ರೇಕು ಎಲ್ಲಿಯೋ ಹಿಡಿದುಕೊಂಡೇ ಇದೆ ಎಂದು ಸೂಚನೆ. ಹೆಚ್ಚು ಬ್ರೇಕು ಒತ್ತದೆ ಎರಡು ಮೂರು ಕಿಲೋಮೀಟರು ಬಂದ ಮೇಲೆ ನಿಲ್ಲಿಸಿ, ಎಡ ಬಲ ಎರಡೂ ಕಡೆಯ ಬ್ರೇಕಿನ ಭಾಗದ ಹತ್ತಿರ ಅಂಗೈಯನ್ನು ಹಿಡಿಯಿರಿ. ಮುಟ್ಟಬೇಡಿರಿ, ಚರ್ಮ ಸುಟ್ಟೀತು. ಒಂದು ಕಡೆ ಮಾತ್ರ ಬಿಸಿ ಹೊಡೆಯುತ್ತಿದ್ದರೆ ರೋಗ ಅಲ್ಲಿದೆ. ಕಾದ ಬ್ರೇಕಿನ ಮೇಲೆ ತಣ್ಣೀರು ಸುರಿಯುವ ಪದ್ಧತಿಯೊಂದಿದೆ. ಕಾದ ಎರಕದ ಕಬ್ಬಿಣದ ಮೇಲೆ ಒಮ್ಮೆಲೇ ನೀರು ಬಿದ್ದರೆ ಬಿರುಕು ಬಿಡಬಹುದು. ನೆರಳಿನಲ್ಲಿ ನಿಲ್ಲಿಸಿ ತಾನಾಗಿ ಆರಲು ಬಿಡಿರಿ.

ಬ್ರೇಕಿನೊಳಗಿನ ಧೂಳನ್ನು ಬಾಯಿಂದ ಊದುವುದಾಗಲಿ ಗಾಳಿಯ ಪಂಪಿನಿಂದ ಹಾರಿಸುವುದಾಗಲಿ ಮಾಡಬಾರದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಎಳೆಗಳು ಶ್ವಾಸಕೋಶಕ್ಕೆ ಹೋದರೆ ವರ್ಷಗಳ ನಂತರ ಮಾರಕ ರೋಗ ತರುತ್ತವೆ. ಒದ್ದೆ ಬಟ್ಟೆಯಿಂದ ಒರೆಸಬೇಕು.

ಕೆಸರು ಮತ್ತು ಎಣ್ಣೆ

ನಮ್ಮಂತಹ ಗದ್ದೆ ಬಯಲಿನವರು ಇದನ್ನು ವಿಶೇಷವಾಗಿ ಗಮನಿಸಬೇಕು. ಬ್ರೇಕುಗಳಲ್ಲಿ ಎರಡು ಜಾತಿ. ಹಳೆಯ ಅನೇಕ ಟ್ರ್ಯಾಕ್ಟರುಗಳಲ್ಲಿ ಒಣ ಬ್ರೇಕು ಇರುತ್ತದೆ. ಈಚಿನ ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಬ್ರೇಕಿನ ಬಿಲ್ಲೆಗಳು ಎಣ್ಣೆಯಲ್ಲಿ ಮುಳುಗಿಕೊಂಡೇ ಕೆಲಸ ಮಾಡುತ್ತವೆ. ನಿಮ್ಮದು ಯಾವ ಜಾತಿಯೆಂದು ಮೊದಲು ತಿಳಿದುಕೊಳ್ಳಿರಿ, ಏಕೆಂದರೆ ಗುರುತುಗಳು ಬೇರೆ.

ಒಣ ಬ್ರೇಕಿಗೆ ನೀರೂ ಶತ್ರು, ಎಣ್ಣೆಯೂ ಶತ್ರು. ಕೆಸರು ಉಳುಮೆಯಲ್ಲಿ ನೀರು ಒಳಕ್ಕೆ ನುಗ್ಗಿದರೆ ಹಿಡಿತ ತಾತ್ಕಾಲಿಕವಾಗಿ ಕಡಿಮೆಯಾಗುತ್ತದೆ. ಗದ್ದೆಯಿಂದ ಮೇಲೆ ಬಂದೊಡನೆ ವೇಗವಾಗಿ ಹೊರಡಬಾರದು. ಕೊಂಡಿ ಹಾಕಿ, ಸಣ್ಣ ಗೇರಿನಲ್ಲಿ ಮೆಲ್ಲನೆ ಹೋಗುತ್ತಾ, ಏಳೆಂಟು ಸಲ ಹಗುರವಾಗಿ ಬ್ರೇಕು ಒತ್ತಿ ಬಿಟ್ಟರೆ ಉಜ್ಜಿದ ಶಾಖಕ್ಕೆ ನೀರು ಆರುತ್ತದೆ. ಹಿಡಿತ ಮರಳಿತೆಂದು ಗೊತ್ತಾದ ಮೇಲೆ ಮುಂದೆ ಹೋಗಿರಿ. ಒಣಗಿಸಿದ ಮೇಲೂ ಹಿಡಿತ ಬರದಿದ್ದರೆ ಕೆಸರು ಒಳಗೆ ಹೆಪ್ಪುಗಟ್ಟಿದೆ, ಇಲ್ಲವೇ ಎಣ್ಣೆ ಸೇರಿದೆ.

ಎಣ್ಣೆ ಎಲ್ಲಿಂದ ಬರುತ್ತದೆ? ಗೇರ್‌ಬಾಕ್ಸು ಮತ್ತು ಹಿಂದಿನ ಆಕ್ಸಲಿನ ಎಣ್ಣೆಯನ್ನು ತಡೆದಿಡುವ ರಬ್ಬರಿನ ಬಳೆಗಳಿರುತ್ತವೆ; ಇವುಗಳಿಗೆ ಆಯಿಲ್ ಸೀಲು ಎನ್ನುತ್ತಾರೆ. ಸೀಲು ಹರಿದರೆ ಎಣ್ಣೆ ಬ್ರೇಕಿನೊಳಕ್ಕೆ ಜಿನುಗುತ್ತದೆ. ಗಾಲಿಯ ಒಳಮೈಯಲ್ಲಿ ಎಣ್ಣೆಯ ಗೆರೆ, ಅದಕ್ಕೆ ಅಂಟಿಕೊಂಡ ಕರಿಯ ಧೂಳು ಕಂಡರೆ ಅದೇ ಗುರುತು. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿಗೆ ಹಿಡಿದು ಮತ್ತೆ ಹಾಕುವವರುಂಟು. ನಾಲ್ಕು ದಿನ ಹಿಡಿದಂತೆ ಕಂಡು ಐದನೆಯ ದಿನ ಕೈಬಿಡುತ್ತದೆ. ಸೀಲನ್ನೂ ಲೈನಿಂಗನ್ನೂ ಎರಡನ್ನೂ ಹೊಸದಾಗಿ ಹಾಕಿಸಬೇಕು.

ಎಣ್ಣೆಯಲ್ಲಿ ಮುಳುಗಿದ ಬ್ರೇಕಿಗೆ ಕೆಸರಿನ ತೊಂದರೆ ಕಡಿಮೆ. ಬಾಳಿಕೆಯೂ ಹೆಚ್ಚು. ಆದರೆ ಅದಕ್ಕೆ ಕಂಪನಿ ಹೇಳಿದ ಎಣ್ಣೆಯೇ ಆಗಬೇಕು. ಅಗ್ಗವೆಂದು ಬೇರೆ ಎಣ್ಣೆ ತುಂಬಿದರೆ ಬ್ರೇಕು ಒತ್ತಿದಾಗ ಗರಗರ ಎಂದು ನಡುಗುವ ಸದ್ದು ಬರುತ್ತದೆ. ಅಳತೆಕಡ್ಡಿಯನ್ನು ಎಳೆದು ನೋಡಿದಾಗ ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ಬದಲಾಯಿಸದೆ ಬೇರೆ ದಾರಿಯಿಲ್ಲ, ನೀರು ಎಲ್ಲಿಂದ ಬಂತೆಂದೂ ಹುಡುಕಿಸಬೇಕು.

ಟ್ರೈಲರು ಹಿಂದೆ ಇದ್ದಾಗ

ಈಗ ಹೇಳುವುದು ಕಬ್ಬು ಸಾಗಿಸುವವರಿಗೆ, ಆಲೆಮನೆಯವರಿಗೆ ಬಹಳ ಅಗತ್ಯವಾದದ್ದು.

ಬರಿಯ ಟ್ರ್ಯಾಕ್ಟರಿನಲ್ಲಿ ಚೆನ್ನಾಗಿ ಹಿಡಿಯುವ ಬ್ರೇಕು ಟ್ರೈಲರು ಕಟ್ಟಿದಾಗ ಸೋತಂತೆ ಕಾಣುವುದುಂಟು. ಬ್ರೇಕು ಕೆಟ್ಟಿಲ್ಲ, ಹೊರೆ ಮೀರಿದೆ. ಸುಮಾರು ಎರಡು ಟನ್ ತೂಗುವ ಟ್ರ್ಯಾಕ್ಟರಿನ ಹಿಂದೆ ಎಂಟು ಟನ್ ಕಬ್ಬು ಕಟ್ಟಿದಿರಿ ಎನ್ನೋಣ. ಟ್ರೈಲರಿಗೆ ತನ್ನದೇ ಬ್ರೇಕು ಇಲ್ಲದಿದ್ದರೆ ಆ ಎಂಟು ಟನ್ನನ್ನೂ, ಖಾಲಿ ಟ್ರೈಲರಿನ ತೂಕವನ್ನೂ ತಡೆಯಬೇಕಾದದ್ದು ಟ್ರ್ಯಾಕ್ಟರಿನ ಎರಡು ಗಾಲಿಗಳೇ. ಇಳಿಜಾರಿನಲ್ಲಿ ಎತ್ತಿನಗಾಡಿ ಎತ್ತುಗಳ ಮೇಲೆ ಬರುವುದನ್ನು ನೋಡಿದ್ದೀರಿ. ಎತ್ತುಗಳು ನೊಗಕ್ಕೆ ಕುತ್ತಿಗೆ ಕೊಟ್ಟು, ಕಾಲೂರಿ, ಹಿಂದಕ್ಕೆ ತಳ್ಳಿ ತಡೆಯುತ್ತವೆ. ಟ್ರ್ಯಾಕ್ಟರಿಗೆ ಅಂತಹ ಬುದ್ಧಿಯಿಲ್ಲ. ಟ್ರೈಲರು ಹಿಂದಿನಿಂದ ತಳ್ಳಿದಾಗ ಟ್ರ್ಯಾಕ್ಟರು ಸ್ವಲ್ಪ ಓರೆಯಾಗಿದ್ದರೂ ಸಾಕು, ಮಡಿಸಿದ ಚಾಕುವಿನಂತೆ ಎರಡೂ ಒಂದರ ಮೇಲೊಂದು ಮಡಚಿಕೊಳ್ಳುತ್ತವೆ.

ಇದಕ್ಕೂ ಮುಂಗುರುತು ಉಂಟು. ಬ್ರೇಕು ಒತ್ತಿದಾಗ ಕೊಕ್ಕೆಯ ಹತ್ತಿರ ಢಣ್ ಎಂದು ಬಡಿದು ಬೆನ್ನಿಗೆ ತಳ್ಳು ಬರುತ್ತದೆ. ಟ್ರ್ಯಾಕ್ಟರಿನ ಹಿಂಭಾಗ ಪಕ್ಕಕ್ಕೆ ಸರಿದಂತೆ ಭಾಸವಾಗುತ್ತದೆ. ಇವು ಕಂಡರೆ ಹೊರೆ ಇಳಿಸಬೇಕು ಅಥವಾ ಬ್ರೇಕು ಇರುವ ಟ್ರೈಲರು ಮಾಡಿಸಬೇಕು. ಟ್ರೈಲರು ಮುಂದಕ್ಕೆ ತಳ್ಳಿದ ಬಲದಿಂದಲೇ ತಾನಾಗಿ ಹಿಡಿಯುವ ಬ್ರೇಕುಗಳೂ, ಟ್ರ್ಯಾಕ್ಟರಿನ ಪೆಡಲಿಗೆ ಜೋಡಿಸುವ ಎಣ್ಣೆಯ ಮತ್ತು ಗಾಳಿಯ ಬ್ರೇಕುಗಳೂ ದೊರೆಯುತ್ತವೆ. ಹೊಸ ಟ್ರೈಲರಿಗೆ ಹಣ ಕೊಡುವ ಮುನ್ನ ಬಣ್ಣ, ಬರಹ, ಹೂವಿನ ಚಿತ್ರ ನೋಡುವುದರ ಜೊತೆಗೆ ಕೆಳಗೆ ಬಗ್ಗಿ ಗಾಲಿಗೆ ಬ್ರೇಕು ಇದೆಯೇ ಎಂದೂ ನೋಡಿರಿ.

ಎರಡು ಗಾಲಿಯ ಟ್ರೈಲರಿನಲ್ಲಿ ಹೊರೆಯನ್ನು ಹಿಂದಕ್ಕೆ ಹೆಚ್ಚಾಗಿ ಹೇರಬಾರದು. ಹಿಂದೆ ಭಾರವಾದರೆ ಮುಂದಿನ ಕೊಕ್ಕೆ ಮೇಲಕ್ಕೆ ಎತ್ತುತ್ತದೆ. ಟ್ರ್ಯಾಕ್ಟರಿನ ಹಿಂದಿನ ಗಾಲಿಗಳ ಮೇಲಿನ ಭಾರ ಕಡಿಮೆಯಾಗಿ, ಬ್ರೇಕು ಎಷ್ಟೇ ಚೆನ್ನಾಗಿದ್ದರೂ ಟೈರು ನೆಲದ ಮೇಲೆ ಜಾರುತ್ತದೆ. ಗಾಡಿಯಲ್ಲಿ ಮೂಕಿಭಾರ ಹಿಂಭಾರ ನೋಡಿ ಹೇರುವ ಲೆಕ್ಕ ನಿಮ್ಮ ತಂದೆಯವರಿಗೆ ಗೊತ್ತಿತ್ತು. ಅದೇ ಲೆಕ್ಕ ಇಲ್ಲಿಯೂ.

ಇಳಿಜಾರಿನಲ್ಲಿ ಡೀಸೆಲ್ ಉಳಿಯಲೆಂದು ನ್ಯೂಟ್ರಲ್ಲಿಗೆ ಹಾಕುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಗೇರಿನಲ್ಲಿದ್ದಾಗ ಎಂಜಿನ್ನೇ ಗಾಲಿಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ನ್ಯೂಟ್ರಲ್ಲಿಗೆ ಹಾಕಿದರೆ, ಅಥವಾ ಕ್ಲಚ್ಚು ಒತ್ತಿಕೊಂಡೇ ಇದ್ದರೆ, ಆ ಹಿಡಿತ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಯಾವ ಗೇರಿನಲ್ಲಿ ಏರನ್ನು ಹತ್ತಬೇಕಾಗುತ್ತದೆಯೋ ಅದೇ ಗೇರಿನಲ್ಲಿ ಇಳಿಯಬೇಕು. ಆ ಗೇರನ್ನು ಇಳಿಜಾರು ಶುರುವಾಗುವ ಮುನ್ನ ನಿಂತು ಹಾಕಿಕೊಳ್ಳಬೇಕು. ಅನೇಕ ಟ್ರ್ಯಾಕ್ಟರುಗಳಲ್ಲಿ ಓಡುತ್ತಿರುವಾಗ ಕೆಳಗಿನ ಗೇರು ಸುಲಭವಾಗಿ ಬೀಳುವುದಿಲ್ಲ. ನಡುವೆ ಬದಲಾಯಿಸಲು ಹೋಗಿ ನ್ಯೂಟ್ರಲ್ಲಿನಲ್ಲಿ ಸಿಕ್ಕಿಕೊಂಡರೆ ಕೇಳುವುದೇ ಬೇಡ.

ಮನೆಯ ಕಾರು, ಹಾಲಿನ ಗಾಡಿ

ಕಾರು, ಜೀಪು, ಹಾಲು ತರಕಾರಿ ಸಾಗಿಸುವ ಸಣ್ಣ ಗಾಡಿಗಳಲ್ಲಿ ಪೆಡಲಿನಿಂದ ಗಾಲಿಗೆ ಬಲವನ್ನು ಒಯ್ಯುವುದು ಕೊಳವೆಯೊಳಗಿನ ಬ್ರೇಕ್ ಆಯಿಲ್. ಇದರಲ್ಲಿ ಗುರುತುಗಳು ಇನ್ನೂ ಸ್ಪಷ್ಟ. ಪೆಡಲು ಸ್ಪಂಜಿನಂತೆ ಮೆತ್ತಗಿದ್ದರೆ ಕೊಳವೆಯೊಳಗೆ ಗಾಳಿ ಸೇರಿದೆ. ಒತ್ತಿ ಹಿಡಿದಾಗ ಮೆಲ್ಲಮೆಲ್ಲನೆ ಕೆಳಗಿಳಿಯುತ್ತಾ ಹೋದರೆ ಎಲ್ಲಿಯೋ ಸೋರುತ್ತಿದೆ ಅಥವಾ ಮಾಸ್ಟರ್ ಸಿಲಿಂಡರಿನ ರಬ್ಬರು ಹೋಗಿದೆ. ಎಂಜಿನ್ ನಡೆಯುತ್ತಿದ್ದರೂ ಪೆಡಲು ಕಲ್ಲಿನಂತೆ ಗಟ್ಟಿಯಾಗಿದ್ದರೆ, ಕಾಲಿಗೆ ಬಲ ಕೂಡಿಸುವ ಬೂಸ್ಟರು ಕೆಟ್ಟಿರಬಹುದು. ಇದನ್ನು ನೀವೇ ಪರೀಕ್ಷಿಸಬಹುದು: ಎಂಜಿನ್ ನಿಲ್ಲಿಸಿ ಐದಾರು ಸಲ ಪೆಡಲು ಒತ್ತಿರಿ, ಕೊನೆಯಲ್ಲಿ ಒತ್ತಿ ಹಿಡಿದುಕೊಂಡೇ ಎಂಜಿನ್ ಶುರು ಮಾಡಿರಿ. ಪೆಡಲು ಸ್ವಲ್ಪ ಕೆಳಗಿಳಿದರೆ ಬೂಸ್ಟರು ಸರಿಯಾಗಿದೆ. ಬ್ರೇಕು ಒತ್ತಿದಾಗ ಪೆಡಲು ಅಥವಾ ಸ್ಟೇರಿಂಗು ನಡುಗಿದರೆ ಡಿಸ್ಕು ಸೊಟ್ಟಗಾಗಿರಬಹುದು. ಹ್ಯಾಂಡ್ ಬ್ರೇಕು ಬಿಟ್ಟ ಮೇಲೂ ಮುಂದಿನ ಫಲಕದ ಮೇಲೆ ಕೆಂಪು ದೀಪ ಉರಿಯುತ್ತಿದ್ದರೆ ಮೊದಲು ಬ್ರೇಕ್ ಆಯಿಲ್ ಎಷ್ಟಿದೆ ನೋಡಿರಿ.

“ಒಂದೆರಡು ಸಲ ತುಳಿದ್ರೆ ಹಿಡ್ಕೊಳ್ತದೆ ಅಣ್ಣ, ಏನೂ ತೊಂದ್ರೆ ಇಲ್ಲ” ಎಂದು ಹಾಲಿನ ಗಾಡಿಯ ಹುಡುಗನೊಬ್ಬ ನನಗೆ ಹೇಳಿದ. ಲೆಕ್ಕ ಹಾಕೋಣ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 27 ಅಡಿ ಮುಂದೆ ಹೋಗುತ್ತದೆ. ಎದುರಿಗೆ ಮಗು ಕಂಡು ಕಾಲು ಪೆಡಲಿಗೆ ಬರುವಷ್ಟರಲ್ಲಿ ಒಂದು ಸೆಕೆಂಡು ಕಳೆಯಿತು. ಎರಡನೆಯ ಸಲ ತುಳಿಯಲು ಇನ್ನೊಂದು ಸೆಕೆಂಡು ಬೇಕಾದರೆ ಮತ್ತೆ 27 ಅಡಿ. ಆ ಎರಡನೆಯ 27 ಅಡಿಯಲ್ಲಿ ಮಗು ಇದ್ದರೆ? ವೇಗ ಎರಡರಷ್ಟಾದರೆ ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ ಎಂಬುದೂ ನೆನಪಿರಲಿ. ಹುಡುಗ ಮರುದಿನವೇ ಗಾಡಿಯನ್ನು ರಿಪೇರಿಗೆ ಬಿಟ್ಟ.

ಬ್ರೇಕ್ ಆಯಿಲ್ ಎಂಬ ಹೆಸರು ಕೇಳಿ ಅದು ಎಣ್ಣೆಯೆಂದು ತಿಳಿದು ಎಂಜಿನ್ ಆಯಿಲ್ ಸುರಿದವರಿದ್ದಾರೆ. ಎಂಜಿನ್ ಆಯಿಲ್ ಬಿದ್ದರೆ ಅದರ ರಬ್ಬರುಗಳು ಉಬ್ಬಿ ಹಾಳಾಗುತ್ತವೆ, ಪೂರ್ತಿ ಬಿಚ್ಚಿ ಬದಲಾಯಿಸಬೇಕಾಗುತ್ತದೆ. ಹಾಗೆಯೇ ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಉಪ್ಪಿನಂತೆ ಹೀರಿಕೊಳ್ಳುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ಗಿಂತ ಮೊದಲು ಕುದಿಯಬಾರದೆಂದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕು ಕಾದು ಆಯಿಲ್ ಕುದಿದು ಆವಿಯಾದರೆ ಪೆಡಲು ಬರಿದೇ ತಳಕ್ಕೆ ಹೋಗುತ್ತದೆ. ಆಯಿಲ್ ಕಪ್ಪಾಗಿದ್ದರೆ, ಇಲ್ಲವೇ ಕೈಪಿಡಿ ಹೇಳಿದ ಅವಧಿ ಮುಗಿದಿದ್ದರೆ (ಬಹಳ ಗಾಡಿಗಳಿಗೆ ಎರಡು ವರ್ಷ) ಬದಲಾಯಿಸಿರಿ. ಬಾಯಿ ತೆರೆದಿಟ್ಟ ಹಳೆಯ ಡಬ್ಬಿಯ ಆಯಿಲ್ ಹಾಕಿಸಬೇಡಿರಿ. ಕೆಲವು ಟ್ರ್ಯಾಕ್ಟರುಗಳ ಬ್ರೇಕಿಗೆ ಬೇರೆ ಜಾತಿಯ ಎಣ್ಣೆ ಇರುತ್ತದೆ, ಆದುದರಿಂದ ಮುಚ್ಚಳದ ಮೇಲೆ ಬರೆದಿರುವುದನ್ನು ಓದಿ ಹಾಕುವುದು ಲೇಸು.

ನಡುದಾರಿಯಲ್ಲಿ ಬ್ರೇಕು ಕೈಕೊಟ್ಟರೆ

ಗಾಬರಿಯಿಂದ ಕ್ಲಚ್ಚು ಒತ್ತಬಾರದು. ಎಂಜಿನ್ ಆರಿಸಿ ಕೀಲಿ ತೆಗೆಯಲೂಬಾರದು. ಥ್ರಾಟಲನ್ನು ಪೂರ್ತಿ ತಗ್ಗಿಸಿರಿ. ಎಣ್ಣೆಯ ಬ್ರೇಕಾಗಿದ್ದರೆ ಪೆಡಲನ್ನು ಬೇಗಬೇಗನೆ ಹಲವು ಸಲ ತುಳಿಯಿರಿ. ಕಾರಿನಲ್ಲಿ ಒಂದೊಂದೇ ಕೆಳಗಿನ ಗೇರಿಗೆ ಬಂದು, ಹ್ಯಾಂಡ್ ಬ್ರೇಕನ್ನು ಒಮ್ಮೆಲೇ ಜಗ್ಗದೆ ಮೆಲ್ಲನೆ ಎಳೆಯಿರಿ. ಟ್ರ್ಯಾಕ್ಟರಿನ ಹಿಂದೆ ನೇಗಿಲೋ ಕಲ್ಟಿವೇಟರೋ ಇದ್ದರೆ ನೆಲಕ್ಕೆ ಇಳಿಸಿದರೆ ತಡೆಯುತ್ತದೆ. ಏರುಮುಖವಾದ ದಾರಿ, ಉತ್ತ ಹೊಲ, ಬಣವೆ ಹೀಗೆ ಮೆತ್ತಗಿನ ಕಡೆಗೆ ತಿರುಗಿಸಿರಿ. ಹೊರಕ್ಕೆ ಹಾರಬೇಡಿರಿ, ಹಾರಿದವರು ತಮ್ಮದೇ ಗಾಲಿಗೆ ಸಿಕ್ಕಿದ ಉದಾಹರಣೆಗಳಿವೆ.

ಪ್ಲೇ ಸರಿಮಾಡುವುದನ್ನು ಕೈಪಿಡಿ ನೋಡಿ ನೀವೇ ಮಾಡಬಹುದು. ಸೀಲು, ಲೈನಿಂಗು, ಕೊಳವೆಯ ಗಾಳಿ ತೆಗೆಯುವುದು ಇವೆಲ್ಲ ಮೆಕ್ಯಾನಿಕ್ಕಿನ ಕೆಲಸ. ಒಂದು ಕಡೆಯ ಲೈನಿಂಗು ಹೋದರೂ ಎರಡೂ ಕಡೆ ಬದಲಾಯಿಸಲು ಹೇಳಿರಿ. ಖರ್ಚು ಹೆಚ್ಚೆನಿಸಿದರೂ ಸಮ ಹಿಡಿತಕ್ಕೆ ಬೇರೆ ಉಪಾಯವಿಲ್ಲ.

ನಿಲ್ಲಿಸುವಾಗಲೂ ಜೋಕೆ ಬೇಕು. ಕೊಂಡಿ ಹಾಕದೆ ಪಾರ್ಕಿಂಗ್ ಬ್ರೇಕು ಎಳೆದರೆ ಕೆಲವು ಟ್ರ್ಯಾಕ್ಟರುಗಳಲ್ಲಿ ಒಂದೇ ಗಾಲಿ ಹಿಡಿಯುತ್ತದೆ, ಇನ್ನೊಂದು ಉರುಳಬಹುದು. ಕೊಂಡಿ ಹಾಕಿ, ಪಾರ್ಕಿಂಗ್ ಬ್ರೇಕು ಎಳೆದು, ಎಂಜಿನ್ ನಿಲ್ಲಿಸಿ ಸಣ್ಣ ಗೇರಿನಲ್ಲಿ ಬಿಡಿರಿ. ಇಳಿಜಾರಿದ್ದರೆ ಗಾಲಿಗೆ ಕಲ್ಲನ್ನೋ ಮರದ ತುಂಡನ್ನೋ ಅಡ್ಡ ಇಡಿರಿ. ಹೊರಡುವಾಗ ಆ ಕಲ್ಲನ್ನು ರಸ್ತೆಯ ನಡುವೆ ಬಿಟ್ಟು ಹೋಗದೆ ಪಕ್ಕಕ್ಕೆ ಎತ್ತಿ ಹಾಕಿರಿ. ರಾತ್ರಿ ಬೈಕಿನಲ್ಲಿ ಬರುವವರಿಗೆ ಅದು ಕಾಣುವುದಿಲ್ಲ.